ಶಿಶುವಿನ ಮಿದುಳಿನ ಮಾಪನ: ಒಂದು ಧರ್ಮಜಿಜ್ಞಾಸೆ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವ ನಮ್ಮ ಆಸ್ತಿಕ ಕುಟುಂಬಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಪದವು ದನಿ ತಗ್ಗಿಸಿಯೇ ಉಚ್ಚರಿಸಲ್ಪಡುತ್ತಿದೆ. ಅದು ಆಟಿಸಂ, ಕನ್ನಡದಲ್ಲಿ ಸ್ವಲೀನತೆಯೆಂದೂ ಹೇಳುವರು. ಅದರ ಬೆನ್ನಿಗೇ ಒಂದು ಪ್ರಶ್ನೆಯೂ ಹುಟ್ಟಿಕೊಂಡಿದೆ. ಶಿಶುವಿನ ತಲೆಗೆ ತಂತಿಗಳನ್ನು ಜೋಡಿಸಿ, ಮಿದುಳಿನ ವಿದ್ಯುದಲೆಗಳನ್ನು ಅಳೆದು, ಮಗುವು ಮಾತನಾಡುವ ವಯಸ್ಸಿಗೆ ಬರುವ ಮೊದಲೇ ಅದಕ್ಕೆ ಈ ಸ್ಥಿತಿಯುಂಟೋ ಇಲ್ಲವೋ ಎಂದು ತಿಳಿಯಬಹುದಂತೆ. ಹಾಗೆ ತಿಳಿಯುವುದು ಯುಕ್ತವೇ? ಮಗುವಿನ ಹಣೆಬರಹವನ್ನು ಯಂತ್ರದಿಂದ ಓದಿಸುವುದು ಭಗವತ್ಸಂಕಲ್ಪದಲ್ಲಿ ಕೈಹಾಕಿದಂತಾಗದೇ ಎಂದು ಹಿರಿಯರು ಶಂಕಿಸುವರು. ತಿಳಿಯುವ ಸಾಧನವಿದ್ದೂ ತಿಳಿಯದೆ ಕುಳಿತಿರುವುದು ಅಪರಾಧವಲ್ಲವೇ ಎಂದು ಕಿರಿಯರು ಕೇಳುವರು. ಎರಡೂ ಪ್ರಶ್ನೆಗಳು ಪ್ರಾಮಾಣಿಕವಾದವು. ಇವನ್ನು ಶ್ರೀಮದಾನಂದತೀರ್ಥ ಭಗವತ್ಪಾದರು ತೋರಿದ ಪ್ರಮಾಣಮಾರ್ಗದಲ್ಲಿ ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ವಿಷಯದ ಸ್ವರೂಪವನ್ನು ತಿಳಿಯೋಣ. 1943ರಲ್ಲಿ ಅಮೆರಿಕದಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯನು 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ, ಜನರೊಡನೆ ಬೆರೆಯದೆ ತಮ್ಮಷ್ಟಕ್ಕೆ ತಾವಿರುವುದು, ಮಾತಿನಲ್ಲಿ ವಿಲಂಬ ಅಥವಾ ವೈಚಿತ್ರ್ಯ, ಒಂದೇ ಕ್ರಮವನ್ನು ಬಿಡದೆ ಹಿಡಿಯುವುದು ಮೊದಲಾದ ಲಕ್ಷಣಗಳನ್ನು ವಿವರಿಸಿದನು. ಮರುವರ್ಷವೇ ವಿಯೆನ್ನಾದ ಹಾನ್ಸ್ ಆಸ್ಪರ್ಗರನು ಇಂಥದೇ ಬಾಲಕರನ್ನು ಕುರಿತು ಬರೆದನು. ಇದು ಜ್ವರದಂತೆ ಬಂದು ಹೋಗುವ ರೋಗವಲ್ಲ. ಮಿದುಳು ಬೆಳೆಯುವ ರೀತಿಯಲ್ಲಿಯೇ ಇರುವ ಭೇದ. ಕೆಲವರಲ್ಲಿ ಮಾತೇ ಬರುವುದಿಲ್ಲ. ಕೆಲವರು ಪದವೀಧರರಾಗಿ ಉದ್ಯೋಗದಲ್ಲಿರುತ್ತಾರೆ. ಲೋಕದಲ್ಲಿ ಸುಮಾರು ನೂರಕ್ಕೆ ಒಬ್ಬರಲ್ಲಿ ಇದು ಕಾಣುತ್ತದೆಂಬುದು ಸ್ಥೂಲವಾದ ಗಣನೆ. ತಾಯಿಯ ಪ್ರೀತಿ ಸಾಲದೆ ಹೀಗಾಯಿತೆಂಬ ವಾದವು ಹಿಂದೆ ಪಾಶ್ಚಾತ್ಯರಲ್ಲಿ ಪ್ರಚಲಿತವಾಗಿತ್ತು. ಅದು ಎಂದೋ ನಿರಾಕೃತವಾಗಿದೆ. ಆದರೂ ನಮ್ಮ ಮನೆಗಳಲ್ಲಿ ಸೊಸೆಯ ನೌಕರಿಯನ್ನೋ ಮೊಬೈಲನ್ನೋ ಕಾರಣವಾಗಿ ತೋರಿಸುವ ಪದ್ಧತಿ ನಿಂತಿಲ್ಲ.

ಇನ್ನು ಮಾಪನದ ವಿಚಾರ. ಮಿದುಳಿನ ನರಕೋಶಗಳು ಪರಸ್ಪರ ವ್ಯವಹರಿಸುವಾಗ ಅತಿಸೂಕ್ಷ್ಮವಾದ ವಿದ್ಯುತ್ತು ಉಂಟಾಗುತ್ತದೆ. ನೆತ್ತಿಯ ಮೇಲೆ ಅದನ್ನು ಹಿಡಿದರೆ ಒಂದು ವೋಲ್ಟಿನ ಹತ್ತು ಲಕ್ಷದ ಒಂದಂಶವನ್ನು ಏಕಕವಾಗಿಟ್ಟು ಅಳೆಯಬೇಕಾಗುತ್ತದೆ. ಜರ್ಮನಿಯ ಹಾನ್ಸ್ ಬರ್ಗರನು 1924ರಲ್ಲಿ ಮನುಷ್ಯನ ಮಿದುಳಿನ ಅಲೆಗಳನ್ನು ಮೊದಲು ದಾಖಲಿಸಿ 1929ರಲ್ಲಿ ಪ್ರಕಟಿಸಿದನು. ಇದೇ ಇ.ಇ.ಜಿ. ಇದರಲ್ಲಿ ಸೂಜಿಯಿಲ್ಲ, ವಿಕಿರಣವಿಲ್ಲ, ನೋವಿಲ್ಲ. ತಾಯಿಯ ತೊಡೆಯ ಮೇಲೆ ಕುಳಿತ ಮಗುವಿನ ತಲೆಗೆ ಒಂದು ಜಾಲರಿಯ ಟೊಪ್ಪಿಗೆ ತೊಡಿಸಿದರಾಯಿತು. ಅಪಸ್ಮಾರದ ಪರೀಕ್ಷೆಯಲ್ಲಿ ಇದು ಬಹುಕಾಲದಿಂದ ಬಳಕೆಯಲ್ಲಿದೆ.

ಈ ಅಲೆಗಳಿಂದ ಆಟಿಸಂ ಅನ್ನು ಮುಂಚಿತವಾಗಿ ಊಹಿಸಬಹುದೇ ಎಂಬ ಸಂಶೋಧನೆಗಳಲ್ಲಿ ಬೋಸ್ಟನ್ ನಗರದಲ್ಲಿ ನಡೆದು 2018ರಲ್ಲಿ ಪ್ರಕಟವಾದುದು ಪ್ರಸಿದ್ಧವಾದುದು. 188 ಶಿಶುಗಳನ್ನು 3 ತಿಂಗಳಿನಿಂದ 36 ತಿಂಗಳಿನವರೆಗೆ ಪರೀಕ್ಷಿಸಿದರು. ಅವರಲ್ಲಿ 99 ಶಿಶುಗಳಿಗೆ ಆಟಿಸಂ ಇದ್ದ ಅಣ್ಣನೋ ಅಕ್ಕನೋ ಇದ್ದರು. ಕಂಪ್ಯೂಟರು ಅಲೆಗಳ ಜಟಿಲತೆಯನ್ನು ಗಣಿಸಿ, 3 ತಿಂಗಳಿನ ದಾಖಲೆಯಿಂದಲೇ, ಮುಂದೆ ಯಾರಿಗೆ ಆಟಿಸಂ ನಿರ್ಣಯವಾಗುವುದೆಂದು ಬಹುಮಟ್ಟಿಗೆ ಸರಿಯಾಗಿ ಹೇಳಿತು. ಇದರ ಹಿಂದಿನ ವರ್ಷ, ಅಂದರೆ 2017ರಲ್ಲಿ, ಬೇರೊಂದು ತಂಡವು ಎಂ.ಆರ್.ಐ. ಯಂತ್ರದಲ್ಲಿ 6 ತಿಂಗಳಿನ 59 ಶಿಶುಗಳ ಮಿದುಳಿನ ವ್ಯಾಪಾರವನ್ನು ಅವು ನಿದ್ರಿಸುತ್ತಿರುವಾಗ ಅಳೆಯಿತು. ಅವುಗಳಲ್ಲಿ 11 ಶಿಶುಗಳಿಗೆ 2 ವರ್ಷ ತುಂಬಿದಾಗ ಆಟಿಸಂ ನಿರ್ಣಯವಾಯಿತು. ಆ 11ರಲ್ಲಿ 9ನ್ನು ಗಣನೆಯು ಮೊದಲೇ ಗುರುತಿಸಿತ್ತು, ಎರಡನ್ನು ಬಿಟ್ಟಿತ್ತು.

ಈ ವಿದ್ಯೆಯಲ್ಲಿ ನಮ್ಮಂಥ ವಲಸೆ ಬಂದವರಿಗೆ ವಿಶೇಷವಾದ ಆಕರ್ಷಣೆಯೊಂದಿದೆ. ಮನೆಯಲ್ಲಿ ಕನ್ನಡ ಅಥವಾ ತುಳು, ನೆರೆಯಲ್ಲಿ ಮರಾಠಿ, ಕೆಳಗಿನ ಅಂಗಳದಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು. ಮಗುವು ಎರಡೂವರೆ ವರ್ಷವಾದರೂ ಮಾತನಾಡದಿದ್ದರೆ ಭಾಷೆಗಳ ಗೊಂದಲವೆಂದು ಎಲ್ಲರೂ ಸಮಾಧಾನ ಹೇಳುವರು. ಹೀಗೆ ಒಂದು ವರ್ಷ, ಎರಡು ವರ್ಷ ಕಳೆದುಹೋಗುವುದು. ವಸ್ತುತಃ ಹಲವು ಭಾಷೆಗಳ ಮನೆಯಲ್ಲಿ ಬೆಳೆಯುವುದರಿಂದ ಆಟಿಸಂ ಉಂಟಾಗುವುದೂ ಇಲ್ಲ, ಹೆಚ್ಚುವುದೂ ಇಲ್ಲ. ಆದುದರಿಂದ ಅಜ್ಜಿಯು ಮೊಮ್ಮಗುವಿನೊಡನೆ ಕನ್ನಡದ ಮಾತನ್ನು ನಿಲ್ಲಿಸಬೇಕಾದ ಕಾರಣವಿಲ್ಲ. ಮಿದುಳಿನ ಅಲೆಗಾದರೋ ಕನ್ನಡವೂ ಇಲ್ಲ, ಮರಾಠಿಯೂ ಇಲ್ಲ. ಭಾಷೆಯನ್ನು ಆಶ್ರಯಿಸದ ಪರೀಕ್ಷೆಯೊಂದು ಸಿದ್ಧವಾದರೆ ಅದು ಮಹೋಪಕಾರವೇ ಸರಿ. ಈ ಗುಣವನ್ನು ಒಪ್ಪಿಕೊಂಡೇ ಅದರ ಪ್ರಾಮಾಣ್ಯವನ್ನು ಪರೀಕ್ಷಿಸಬೇಕು.

ವಸ್ತುವು ಹೇಗಿದೆಯೋ ಹಾಗೆಯೇ ಅದನ್ನು ತಿಳಿಸುವುದು ಪ್ರಮಾಣವೆಂಬುದು ನಮ್ಮ ಸಿದ್ಧಾಂತ. ಪ್ರತ್ಯಕ್ಷ, ಅನುಮಾನ, ಆಗಮಗಳೆಂದು ಅದರ ಸಾಧನಗಳು ಮೂರು. ಶ್ರೀಜಯತೀರ್ಥರ ಪ್ರಮಾಣಪದ್ಧತಿಯನ್ನು ಓದಿದವರಿಗೆ ಈ ವಿಭಾಗವು ಪರಿಚಿತವೇ. ಮಿದುಳಿನ ಅಲೆಯನ್ನು ಯಂತ್ರವು ತೋರಿಸುವುದು ಪ್ರತ್ಯಕ್ಷಕ್ಕೆ ಸಹಾಯಕ. ಆದರೆ ಈ ಅಲೆಯಿರುವುದರಿಂದ ಈ ಮಗುವಿಗೆ ಆಟಿಸಂ ಎಂದು ಹೇಳುವುದು ಕೇವಲ ಅನುಮಾನ. ಧೂಮದಿಂದ ಅಗ್ನಿಯನ್ನು ಊಹಿಸುವಂತೆ, ಅಲೆಯೆಂಬ ಲಿಂಗದಿಂದ ಸ್ಥಿತಿಯನ್ನು ಊಹಿಸುವುದು. ಅನುಮಾನದ ಪ್ರಾಣವು ವ್ಯಾಪ್ತಿ. ಲಿಂಗವಿದ್ದಲ್ಲೆಲ್ಲ ಸಾಧ್ಯವು ತಪ್ಪದೆ ಇರಬೇಕು. ಇಲ್ಲಿರುವುದಾದರೋ ಪ್ರಾಯಿಕವಾದ ಸಂಬಂಧ. ಬಹಳ ಸಲ ಹೀಗಾಗುತ್ತದೆ ಎಂಬಷ್ಟೇ. ಅದರಿಂದ ಹುಟ್ಟುವುದು ಸಂಭಾವನೆಯೇ ಹೊರತು ನಿಶ್ಚಯವಲ್ಲ.

ಲಕ್ಷಣದೋಷಗಳಲ್ಲಿ ಅವ್ಯಾಪ್ತಿ, ಅತಿವ್ಯಾಪ್ತಿಗಳೆಂಬವನ್ನು ನಾವು ತರ್ಕದ ಮೊದಲ ಪಾಠದಲ್ಲಿಯೇ ಕಲಿಯುತ್ತೇವೆ. ಆಟಿಸಂ ಇರುವ ಮಗುವನ್ನು ಪರೀಕ್ಷೆಯು ಬಿಟ್ಟುಬಿಟ್ಟರೆ ಅದು ಅವ್ಯಾಪ್ತಿ; ಇಲ್ಲದ ಮಗುವನ್ನು ಹಿಡಿದರೆ ಅದು ಅತಿವ್ಯಾಪ್ತಿ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ನೂರರಲ್ಲಿ 90 ಸಲ ಎರಡೂ ಕಡೆ ಸರಿಯಾಗಿ ಹೇಳುವ ಯಂತ್ರವಿದೆಯೆನ್ನೋಣ. ಒಂದು ಊರಿನ 10,000 ಶಿಶುಗಳನ್ನು ಅದರಿಂದ ಪರೀಕ್ಷಿಸಿದೆವು. ಅವುಗಳಲ್ಲಿ 100ಕ್ಕೆ ಆಟಿಸಂ ಇದೆ. ಯಂತ್ರವು ಅವುಗಳಲ್ಲಿ 90ನ್ನು ಹಿಡಿಯುವುದು, ಹತ್ತನ್ನು ಬಿಡುವುದು. ಉಳಿದ 9,900 ಶಿಶುಗಳಲ್ಲಿ ನೂರಕ್ಕೆ ಹತ್ತರಂತೆ 990ನ್ನು ತಪ್ಪಾಗಿ ಹಿಡಿಯುವುದು. ಒಟ್ಟು 1,080 ಮನೆಗಳಿಗೆ ಭಯದ ಸುದ್ದಿ ಹೋಗುವುದು. ಅದರಲ್ಲಿ ನಿಜವಾದುದು 90, ಅಂದರೆ ಹನ್ನೆರಡಕ್ಕೆ ಒಂದು. ಉಳಿದ ಹನ್ನೊಂದು ತಾಯಂದಿರು ನಿಷ್ಕಾರಣವಾಗಿ ಕಣ್ಣೀರಿಡುವರು. ನೂರಕ್ಕೆ 90 ಸರಿ ಎಂಬ ಮಾತನ್ನು ಕೇಳಿದ ತಂದೆಯು, ತನ್ನ ಮಗುವಿಗೆ ಆಟಿಸಂ ಇರುವ ಸಂಭವವು ನೂರಕ್ಕೆ 90 ಎಂದು ತಿಳಿಯುವನು. ಎರಡಕ್ಕೂ ಇರುವ ಅಂತರವನ್ನು ಜಾಹೀರಾತು ಹೇಳುವುದಿಲ್ಲ.

ಅದೇ ಯಂತ್ರವನ್ನು, ಹಿರಿಯ ಮಗುವಿಗೆ ಆಟಿಸಂ ಇರುವ ಮನೆಗಳಲ್ಲಿ ಮಾತ್ರ ಬಳಸಿದರೆ ಫಲ ಬೇರೆ. ಅಂಥ ಮನೆಗಳಲ್ಲಿ ಕಿರಿಯ ಮಗುವಿಗೂ ಅದು ಬರುವ ಸಂಭವವು ಐದಕ್ಕೆ ಸುಮಾರು ಒಂದು. 1,000 ಶಿಶುಗಳಲ್ಲಿ 200ಕ್ಕೆ ಇದ್ದರೆ ಯಂತ್ರವು 180ನ್ನು ಸರಿಯಾಗಿಯೂ 80ನ್ನು ತಪ್ಪಾಗಿಯೂ ಹಿಡಿಯುವುದು. ಮೂರಕ್ಕೆ ಎರಡು ಮಾತು ನಿಜವಾಗುವುದು. ಹೀಗೆ ಯಂತ್ರವೊಂದೇ ಆದರೂ ಅದನ್ನು ಎಲ್ಲಿ ಪ್ರಯೋಗಿಸಿದೆವೆಂಬುದರ ಮೇಲೆ ಅದರ ಬೆಲೆ ನಿಂತಿದೆ. ಮೇಲೆ ಹೇಳಿದ ಸಂಶೋಧನೆಗಳು ಮುಖ್ಯವಾಗಿ ಇಂಥ ಮನೆಗಳ ಶಿಶುಗಳನ್ನು ಆಶ್ರಯಿಸಿದವು. ಅವುಗಳ ಫಲವನ್ನು ಎಲ್ಲ ಮನೆಗಳಿಗೂ ಅನ್ವಯಿಸುವುದು ಯುಕ್ತಿವಿರುದ್ಧ.

ಇದಕ್ಕಿಂತಲೂ ಮುಖ್ಯವಾದ ಮಾತೊಂದಿದೆ; ನಮ್ಮ ಶಾಸ್ತ್ರವು ಅದನ್ನು ಉಪಜೀವ್ಯಪ್ರಾಬಲ್ಯವೆಂಬ ನ್ಯಾಯದಿಂದ ಕಲಿಸುತ್ತದೆ. ಒಂದು ಪ್ರಮಾಣವು ಇನ್ನೊಂದನ್ನು ಆಶ್ರಯಿಸಿ ಹುಟ್ಟಿದ್ದರೆ, ಆಶ್ರಯ ಕೊಟ್ಟುದನ್ನು ಆಶ್ರಯ ಪಡೆದುದು ಬಾಧಿಸಲಾರದು. ಕಂಪ್ಯೂಟರಿಗೆ ಈ ಅಲೆಯು ಆಟಿಸಂನ ಸೂಚಕವೆಂದು ಕಲಿಸಿದವರು ಯಾರು? ಆ ಮಕ್ಕಳು ಬೆಳೆದ ಮೇಲೆ ಅವರ ನಡೆನುಡಿಗಳನ್ನು ಕಣ್ಣಾರೆ ನೋಡಿ ನಿರ್ಣಯಿಸಿದ ವೈದ್ಯರು. ಆ ನಿರ್ಣಯಗಳನ್ನು ಆಧರಿಸಿಯೇ ಯಂತ್ರವು ವ್ಯಾಪ್ತಿಯನ್ನು ಕಲಿಯಿತು. ಆದುದರಿಂದ ಇಲ್ಲಿ ನೋಟವು ಉಪಜೀವ್ಯ, ಅಲೆಯ ಗಣನೆಯು ಉಪಜೀವಕ. ಮಗುವು ಹೆಸರು ಕರೆದರೆ ತಿರುಗುತ್ತಿಲ್ಲವೆಂದು ತಾಯಿಯು ನಿತ್ಯವೂ ಕಾಣುತ್ತಿರುವಾಗ, ಅಲೆಗಳು ಸರಿಯಾಗಿವೆಯೆಂಬ ಕಾಗದವು ಆ ಪ್ರತ್ಯಕ್ಷವನ್ನು ಅಳಿಸಲಾರದು. ಹಾಗೆಯೇ, ಕಣ್ಣಿಗೆ ಕಣ್ಣಿಟ್ಟು ನಗುತ್ತ, ಬೇಕಾದುದನ್ನು ಬೆರಳಿನಿಂದ ತೋರಿಸುತ್ತ ಬೆಳೆಯುತ್ತಿರುವ ಮಗುವಿಗೆ ಅಲೆಯೊಂದರ ಆಧಾರದಿಂದ ಆಟಿಸಂ ಎಂದು ಹೆಸರಿಡುವುದೂ ಸಲ್ಲದು. ರೈಲ್ವೆಯಲ್ಲಿ ಡಿಸ್ಟೆಂಟ್ ಸಿಗ್ನಲ್ ಎಂಬುದೊಂದುಂಟು. ಅದು ಹಳದಿಯಾಗಿದ್ದರೆ ಮುಂದಿನ ಸಿಗ್ನಲ್ಲಿನಲ್ಲಿ ನಿಲ್ಲಲು ಸಿದ್ಧನಾಗಿರು ಎಂದರ್ಥ. ಹಳಿ ಮುರಿದಿದೆಯೆಂದು ಅರ್ಥವಲ್ಲ. ಮಿದುಳಿನ ಅಲೆಯು ಹೆಚ್ಚೆಂದರೆ ಅಂಥ ಒಂದು ಸಂಕೇತ.

ನಮ್ಮ ದೇಶದ ವ್ಯವಹಾರವೂ ಇದಕ್ಕೆ ಅನುಗುಣವಾಗಿಯೇ ಇದೆ. ಅಂಗವೈಕಲ್ಯ ಹೊಂದಿದವರ ಹಕ್ಕುಗಳ 2016ರ ಕಾಯಿದೆಯಲ್ಲಿ ಎಣಿಸಿದ 21 ಸ್ಥಿತಿಗಳಲ್ಲಿ ಆಟಿಸಂ ಸೇರಿದೆ. ಅದರ ಪ್ರಮಾಣಪತ್ರಕ್ಕೆ ಬಳಸುವ ಭಾರತೀಯ ಮಾಪಕವು ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯಲ್ಲಿ ಸಿದ್ಧವಾದುದು. ಅದರಲ್ಲಿ 40 ಅಂಶಗಳಿವೆ. ಎಲ್ಲವೂ ಮಗುವನ್ನು ನೋಡಿ, ಹೆತ್ತವರನ್ನು ಕೇಳಿ ತಿಳಿಯತಕ್ಕವು. ಮಿದುಳಿನ ಅಲೆಯ ಪ್ರಸ್ತಾಪವು ಅಲ್ಲಿಲ್ಲ. ಇಂದಿಗೂ ಇ.ಇ.ಜಿ. ಒಂದರಿಂದಲೇ ಆಟಿಸಂ ನಿರ್ಣಯಿಸುವುದು ವೈದ್ಯಲೋಕದಲ್ಲಿ ಸ್ವೀಕೃತವಾದ ಕ್ರಮವಲ್ಲ. ಹೀಗಿರುವಾಗ ಬ್ರೈನ್ ಮ್ಯಾಪಿಂಗ್ ಎಂಬ ಹೆಸರಿನಲ್ಲಿ ಬಣ್ಣಬಣ್ಣದ ಚಿತ್ರಗಳನ್ನು ತೋರಿಸಿ ನಿಶ್ಚಯವನ್ನು ಮಾರುವವರಲ್ಲಿ ನಮ್ಮವರು ಹಣವನ್ನೂ ಕಾಲವನ್ನೂ ಕಳೆಯಬಾರದು. ವೈದ್ಯರೇ ಮಗುವಿಗೆ ಇ.ಇ.ಜಿ. ಹೇಳಿದರೆ ಹೆದರಬೇಕಾಗಿಯೂ ಇಲ್ಲ. ಆಟಿಸಂ ಇರುವ ಮಕ್ಕಳಲ್ಲಿ ಅಪಸ್ಮಾರವು ಅಧಿಕವಾಗಿ ಕಾಣುವುದರಿಂದ ಆ ಶಂಕೆಯ ಪರಿಹಾರಕ್ಕಾಗಿ ಅದು ಅಗತ್ಯವಾಗಬಹುದು.

ಅಲೆಯನ್ನು ಅದರ ಎಲ್ಲೆಯಾಚೆಗೆ ಎಳೆದರೆ ಏನಾಗುವುದೆಂಬುದಕ್ಕೆ ಬೇರೊಂದು ಕ್ಷೇತ್ರದ ನಿದರ್ಶನವುಂಟು. ಅದು ಕರ್ನಾಟಕಕ್ಕೂ ಮಹಾರಾಷ್ಟ್ರಕ್ಕೂ ಸಂಬಂಧಿಸಿದುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಮುಕುಂದನ್ ಅವರು, ಆರೋಪಿಯ ಮಿದುಳಿನ ಅಲೆಗಳಿಂದ ಅವನ ಸ್ಮೃತಿಯಲ್ಲಿ ಅಪರಾಧದ ಅನುಭವವಿದೆಯೇ ಎಂದು ತಿಳಿಯುವ ವಿಧಾನವೊಂದನ್ನು ರೂಪಿಸಿದರು. 2008ರಲ್ಲಿ ಪುಣೆಯ ನ್ಯಾಯಾಲಯವೊಂದು ಕೊಲೆಯ ಮೊಕದ್ದಮೆಯಲ್ಲಿ ಅದನ್ನೂ ಸಾಕ್ಷ್ಯವಾಗಿ ಗಣಿಸಿ ಶಿಕ್ಷೆ ವಿಧಿಸಿದಾಗ ದೇಶವಿದೇಶಗಳಲ್ಲಿ ಚರ್ಚೆಯೆದ್ದಿತು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರ ಮೇ 5ರಂದು, ಸಮ್ಮತಿಯಿಲ್ಲದೆ ಯಾರ ಮೇಲೂ ಇಂಥ ಪರೀಕ್ಷೆಯನ್ನು ನಡೆಸಕೂಡದೆಂದು ತೀರ್ಪಿತ್ತಿತು. ಅಪರಾಧದ ಆರೋಪ ಹೊತ್ತವನ ಅಂತರಂಗಕ್ಕೂ ಇಷ್ಟು ಮರ್ಯಾದೆಯುಂಟಾದರೆ, ಏನನ್ನೂ ಅರಿಯದ, ಸಮ್ಮತಿ ಕೊಡಲಾರದ ಶಿಶುವಿನ ಅಂತರಂಗಕ್ಕೆ ಎಷ್ಟಿರಬೇಕು? ತಂದೆತಾಯಿಗಳು ಮಗುವಿನ ಒಡೆಯರಲ್ಲ. ಭಗವಂತನು ಇಟ್ಟ ನ್ಯಾಸವನ್ನು ಕಾಯುವವರು. ಮಗುವಿನ ಪರವಾಗಿ ಅವರು ಸಮ್ಮತಿಸುವಾಗ, ಈ ಮಾಪನದಿಂದ ಮಗುವಿಗೆ ಪ್ರಯೋಜನವೇನು, ದಾಖಲೆಯು ಯಾರ ಕೈಸೇರುವುದು, ಫಲವು ಕೆಟ್ಟದಾಗಿ ಬಂದರೆ ನಾಳೆಯಿಂದ ನಾವು ಮಾಡತಕ್ಕದ್ದೇನು ಎಂಬ ಮೂರನ್ನು ಕೇಳಲೇಬೇಕು. ಮೂರನೆಯದಕ್ಕೆ ಉತ್ತರವಿಲ್ಲದಿದ್ದರೆ ಆ ಜ್ಞಾನವು ಕೇವಲ ಭಯಕ್ಕೆ ಕಾರಣ.

ಈಗ ಹಿರಿಯರ ಪೂರ್ವಪಕ್ಷಕ್ಕೆ ಬರೋಣ. ಪ್ರಾರಬ್ಧದಿಂದ ಬಂದುದನ್ನು ಮೊದಲೇ ತಿಳಿದು ಏನು ಫಲ ಎನ್ನುವರು. ಜೀವನ ಕರ್ತೃತ್ವವು ಶ್ರೀಹರಿಯ ಅಧೀನವಾದುದು. ಆದರೆ ಅಧೀನವಾದ ಮಾತ್ರಕ್ಕೆ ಮಿಥ್ಯೆಯಲ್ಲ ಎಂಬುದೇ ನಮ್ಮ ಮತದ ವೈಶಿಷ್ಟ್ಯ. ಪ್ರಯತ್ನವನ್ನು ಬಿಟ್ಟವನು ದೈವವನ್ನು ನಂಬಿದವನಲ್ಲ, ಆಲಸ್ಯವನ್ನು ನಂಬಿದವನು. ಮಗುವಿಗೆ ಜ್ವರ ಬಂದರೆ ಪ್ರಾರಬ್ಧವೆಂದು ಸುಮ್ಮನಿರದವರು ಮಾತು ಬಾರದಾಗ ಮಾತ್ರ ಪ್ರಾರಬ್ಧವನ್ನು ನೆನೆಯುವುದು ವಿವೇಕವಲ್ಲ. ಎಲ್ಲಕ್ಕೂ ಯಂತ್ರದ ಮಾತೇ ಅಂತಿಮವೆನ್ನುವ ಕಿರಿಯರ ಪಕ್ಷಕ್ಕೆ ಉತ್ತರವನ್ನು ಆಗಲೇ ಹೇಳಿದೆವು.

ಇದಕ್ಕಿಂತ ಸೂಕ್ಷ್ಮವಾದ ತಪ್ಪೊಂದು ನಮ್ಮವರಲ್ಲಿ ಉಂಟು. ಜೀವರಲ್ಲಿ ಪರಸ್ಪರ ಭೇದವುಂಟು, ಯೋಗ್ಯತೆಯಲ್ಲಿ ತಾರತಮ್ಯವುಂಟು ಎಂಬ ಶಾಸ್ತ್ರವನ್ನು ಕೇಳಿದ ಕೆಲವರು, ಮಾತು ಬಾರದ ಮಗುವನ್ನು ನೋಡಿ ಅದರ ಯೋಗ್ಯತೆಯನ್ನೇ ಅಳೆಯಲು ಹೊರಡುವರು. ಇದು ಶಾಸ್ತ್ರದ ದುರುಪಯೋಗ. ಮಿದುಳು ಜಡ, ಶರೀರದ ಒಂದು ಅಂಗ. ಯೋಗ್ಯತೆಯು ಸ್ವರೂಪಕ್ಕೆ ಸೇರಿದುದು; ಅದನ್ನು ಸರ್ವಜ್ಞನಾದ ಶ್ರೀಹರಿಯೂ ಅವನ ಅನುಗ್ರಹವುಳ್ಳ ಅಪರೋಕ್ಷಜ್ಞಾನಿಗಳೂ ಬಲ್ಲರೇ ಹೊರತು ನಾವೂ ಅಲ್ಲ, ಯಂತ್ರವೂ ಅಲ್ಲ. ಸುಖದುಃಖಗಳನ್ನು ಅನುಭವಿಸುವುದು ಸಾಕ್ಷಿ. ಆ ಸಾಕ್ಷಿಯು ಮಾತುಳ್ಳ ನಮ್ಮಲ್ಲಿರುವಂತೆಯೇ ಮಾತಿಲ್ಲದ ಮಗುವಿನಲ್ಲಿಯೂ ಪೂರ್ಣವಾಗಿದೆ. ಲೋಕಲ್ ಗಾಡಿಯ ಸದ್ದಿಗೆ ಕಿವಿ ಮುಚ್ಚಿಕೊಂಡು ಅಳುವ ಮಗುವು ಹಟಮಾರಿಯಲ್ಲ. ನಮಗಾಗದ ನೋವು ಅದಕ್ಕೆ ಆಗುತ್ತಿದೆ. ಮಠದ ಮಂಗಳಾರತಿಯ ಜಾಗಟೆಗೆ ಓಡಿಹೋಗುವ ಮಗುವಿನ ಹಿಂದೆ ಓಡುವ ತಾಯಿಯನ್ನು ಕಂಡು ಮುಖ ಸಿಂಡರಿಸುವವರು, ದೇವರ ಸನ್ನಿಧಿಯಲ್ಲಿ ನಿಂತು ಏನನ್ನು ಕಲಿತಂತಾಯಿತು? ಇಂಥ ಬಾಲಕನಿಗೆ ಉಪನಯನವುಂಟೇ ಎಂದು ಕೇಳುವವರಿದ್ದಾರೆ. ಮೂಕಬಧಿರಾದಿಗಳ ಸಂಸ್ಕಾರವನ್ನು ನಿಬಂಧಕಾರರು ಹಿಂದೆಯೇ ಚರ್ಚಿಸಿದ್ದಾರೆ. ಮಾಡತಕ್ಕದ್ದೆಂಬ ಪಕ್ಷವೂ ಅಲ್ಲಿದೆ. ನೆಂಟರ ಮಾತಿನಿಂದಲ್ಲ, ಗುರುಗಳನ್ನು ಕೇಳಿ ಇದನ್ನು ನಿಶ್ಚಯಿಸಬೇಕು.

ವಿಲಂಬಕ್ಕೆ ನಿಜವಾದ ಕಾರಣವು ಯಂತ್ರದ ಅಭಾವವಲ್ಲ, ಹೆಸರಿನ ಭಯ. ಠಾಣೆಯಲ್ಲಿ 1901ರಲ್ಲಿ ಸ್ಥಾಪಿತವಾದ ಮನೋರೋಗಗಳ ಆಸ್ಪತ್ರೆಯಿದೆ. ಈ ಪ್ರಾಂತದ ಮರಾಠಿ ಮಾತಿನಲ್ಲಿ ಊರಿನ ಹೆಸರೇ ಬಹುಕಾಲ ಪರಿಹಾಸ್ಯದ ಪದವಾಗಿತ್ತು. ಇಂಥಲ್ಲಿ ಬೆಳೆದ ಭಯವು ಮಗುವನ್ನು ವೈದ್ಯರ ಬಳಿಗೆ ಒಯ್ಯಲು ಬಿಡದು. ಅಕ್ಕನ ಮದುವೆಗೆ ಅಡ್ಡಿಯಾದೀತೆಂದು ತಮ್ಮನನ್ನು ಒಳಕೋಣೆಯಲ್ಲಿಡುವ ಮನೆಯಲ್ಲಿ, 3 ತಿಂಗಳಿಗೇ ತಿಳಿಸುವ ಯಂತ್ರವಿದ್ದರೂ ಏನು ಪ್ರಯೋಜನ? ತಿಳಿದುದನ್ನು ಮುಚ್ಚಿಡುವ ಅವಧಿಯು ಮತ್ತಷ್ಟು ದೀರ್ಘವಾಗುವುದು, ಅಷ್ಟೆ.

ನೋಡುವ ಕಣ್ಣಿದ್ದರೆ ಏನು ಸಾಧ್ಯವೆಂಬುದಕ್ಕೆ ಎರಡು ದೃಷ್ಟಾಂತಗಳನ್ನು ಹೇಳುವೆವು. ಆಸ್ಟ್ರೇಲಿಯದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನಡವಳಿಕೆಯಲ್ಲಿ ಸೂಚನೆಗಳು ಕಂಡ 9ರಿಂದ 14 ತಿಂಗಳಿನ ನೂರಕ್ಕೆ ತುಸು ಮೇಲ್ಪಟ್ಟ ಶಿಶುಗಳನ್ನು ಆರಿಸಿದರು. ಅರ್ಧದಷ್ಟು ತಾಯಿತಂದೆಗಳಿಗೆ, ಅವರು ಮಗುವಿನೊಡನೆ ಆಡುವುದನ್ನು ವಿಡಿಯೋದಲ್ಲಿ ತೋರಿಸಿ, ಮಗುವಿನ ಸೂಕ್ಷ್ಮ ಸಂಕೇತಗಳನ್ನು ಗುರುತಿಸಿ ಪ್ರತಿಕ್ರಿಯಿಸಲು ಕಲಿಸಿದರು. ಮೂರು ವರ್ಷವಾದಾಗ ಆ ಗುಂಪಿನಲ್ಲಿ ನೂರಕ್ಕೆ ಸುಮಾರು 7 ಮಕ್ಕಳಿಗೂ ಇನ್ನೊಂದು ಗುಂಪಿನಲ್ಲಿ ನೂರಕ್ಕೆ ಸುಮಾರು 20 ಮಕ್ಕಳಿಗೂ ಆಟಿಸಂ ನಿರ್ಣಯವಾಯಿತು. ಸಂಖ್ಯೆ ಚಿಕ್ಕದು, ಇದು ಕೊನೆಯ ಮಾತಲ್ಲ. ಗೋವಾದಲ್ಲಿಯೂ ರಾವಲ್ಪಿಂಡಿಯಲ್ಲಿಯೂ 65 ಮಕ್ಕಳನ್ನು ಕುರಿತು ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತಜ್ಞರಲ್ಲದ ಸಾಮಾನ್ಯ ಆರೋಗ್ಯ ಕಾರ್ಯಕರ್ತರೇ ತರಬೇತಿ ಪಡೆದು ಹೆತ್ತವರಿಗೆ ಹೇಳಿಕೊಟ್ಟರು; ಹೆತ್ತವರು ಮಗುವಿನ ಮನಸ್ಸನ್ನು ಅನುಸರಿಸಿ ಆಡುವುದು ಉತ್ತಮಗೊಂಡಿತು. ಎರಡರಲ್ಲಿಯೂ ಮಕ್ಕಳನ್ನು ಆರಿಸಿದುದು ಅಲೆಯಿಂದಲ್ಲ, ನೋಟದಿಂದ, ಉಪಕಾರವಾದುದೂ ನೋಟದಿಂದಲೇ.

ಆದುದರಿಂದ ನಮ್ಮ ಯುವ ದಂಪತಿಗಳಲ್ಲಿ ನಮ್ಮ ವಿಜ್ಞಾಪನೆಯಿದು. ವರ್ಷ ತುಂಬಿದ ಮಗುವು ಹೆಸರು ಕರೆದರೆ ತಿರುಗದಿದ್ದರೆ, ಒಂದೂವರೆ ವರ್ಷವಾದರೂ ಬೆರಳು ತೋರಿಸದಿದ್ದರೆ, ನೀವು ತೋರಿಸಿದ ಕಡೆ ನೋಡದಿದ್ದರೆ, ಬಂದ ಮಾತು ಹೋದರೆ, ಮುಂದಿನ ಹುಟ್ಟುಹಬ್ಬದವರೆಗೆ ಕಾಯಬೇಡಿ. ಇವುಗಳಲ್ಲಿ ಒಂದರಿಂದಲೇ ನಿರ್ಣಯವಿಲ್ಲ. ಆದರೆ ಮಕ್ಕಳ ವೈದ್ಯರನ್ನು ಕೇಳಲು ಒಂದೇ ಸಾಕು. 18 ಮತ್ತು 24 ತಿಂಗಳುಗಳಲ್ಲಿ ಪ್ರತಿಯೊಂದು ಮಗುವನ್ನೂ ಈ ದೃಷ್ಟಿಯಿಂದ ಪರಿಶೀಲಿಸಬೇಕೆಂಬುದು ಅಮೆರಿಕದ ಶಿಶುವೈದ್ಯರ ಅಕಾಡೆಮಿಯ ಮತ. ನವಿ ಮುಂಬಯಿ ಮಹಾನಗರಪಾಲಿಕೆಯ ಇ.ಟಿ.ಸಿ. ಕೇಂದ್ರವು ವಾಶಿಯಲ್ಲಿದೆ, ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯ ಪ್ರಾದೇಶಿಕ ಕೇಂದ್ರವು ಖಾರ್ಘರಿನಲ್ಲಿದೆ. ರಜೆಗೆ ಊರಿಗೆ ಹೋಗುವವರಿಗೆ ಬೆಂಗಳೂರಿನ ನಿಮ್ಹಾನ್ಸೂ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇವೆ. ಹಿರಿಯ ಮಗುವಿಗೆ ಆಟಿಸಂ ಇರುವ ಮನೆಯವರು, ಗೌರವಾನ್ವಿತ ಸಂಸ್ಥೆಯೊಂದು ಸಂಶೋಧನೆಗಾಗಿ ಕಿರಿಯ ಶಿಶುವಿನ ಅಲೆಗಳನ್ನು ಅಳೆಯುವೆವೆಂದರೆ, ಮೇಲಿನ ಮೂರು ಪ್ರಶ್ನೆಗಳನ್ನು ಕೇಳಿ ಒಪ್ಪಬಹುದು. ಅದು ಲೋಕೋಪಕಾರವೂ ಹೌದು.

ಮಾಪನವು ದೋಷವಲ್ಲ, ಮಾಪನವನ್ನು ಜೀವದ ಮೇಲಿನ ತೀರ್ಪೆಂದು ತಿಳಿಯುವುದು ದೋಷ. ನಾಳೆ ಯಂತ್ರವು ಇನ್ನೂ ನಿಖರವಾಗಬಹುದು. ಆಗಲೂ ಅದು ಹೇಳಬಲ್ಲದ್ದು ಸೇವೆಯನ್ನು ಯಾವಾಗ ಆರಂಭಿಸಬೇಕೆಂಬುದನ್ನು ಮಾತ್ರ. ಯಾರ ಸೇವೆಯೆಂಬುದನ್ನು ಶಾಸ್ತ್ರವು ಆಗಲೇ ಹೇಳಿದೆ. ಆ ಮಗುವಿನ ಹೃದಯದಲ್ಲಿಯೂ ಬಿಂಬರೂಪಿಯಾಗಿ ನಿಂತಿರುವವನು ಅದೇ ಶ್ರೀಹರಿ. ಪರೀಕ್ಷೆಯ ಫಲ ಬರುವವರೆಗೆ ಆ ಮಗುವಿನೊಡನೆ ನೆಲದ ಮೇಲೆ ಕುಳಿತು ಆಡುವುದನ್ನು ಮುಂದೂಡುವ ಅಗತ್ಯವಿಲ್ಲ.

ಶ್ರೀಕೃಷ್ಣಾರ್ಪಣಮಸ್ತು.